ಅಮ್ಮನ ಹಳೇ ಬೈಬಲ್: ಒಂದು ಆಪ್ತಸಲಹೆ ಪ್ರಕರಣ

“ಮೇಡಂ, ಎಲ್ಲಾ ಸರಿಯಾಗಿದೆ. ಆದ್ರೂ ಒಳಗೆ ಖಾಲಿ ಖಾಲಿ ಅನ್ಸುತ್ತೆ.”

ಮೊದಲ ದಿನ ಕುರ್ಚಿಯ ತುದಿಯಲ್ಲಿ ಕೂತು ಅವರು ಹೇಳಿದ್ದು ಇಷ್ಟೇ. ಗುರುತು ಸಿಗದ ಹಾಗೆ ಇಲ್ಲಿ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.

ವಯಸ್ಸು 43. ಹೊಸ ಊರು, ಹೊಸ ಕೆಲಸ, ಹೊಸ ಸಭೆ, ಅಂದರೆ ಚರ್ಚಿನ ಬಳಗ. ಚಿಕ್ಕಂದಿನಲ್ಲಿ ಅಮ್ಮನ ಕೈ ಹಿಡಿದು ಚರ್ಚಿಗೆ ಹೋಗುತ್ತಿದ್ದವರು ಮಧ್ಯೆ 20 ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಈಗ ಎರಡು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಕುಡಿತ ಬಿಟ್ಟಿದ್ದಾರೆ. ಆರಾಧನೆಗೆ ಮುಂಚೆ ಕುರ್ಚಿ ಹಾಕುವುದರಿಂದ ಹಿಡಿದು ಕೊನೆಗೆ ಬೀಗ ಹಾಕುವವರೆಗೆ ಎಲ್ಲಕ್ಕೂ ಇವರೇ ಬೇಕು. ಸಭೆಯವರಿಗೆ ಇವರನ್ನು ಕಂಡರೆ ತುಂಬಾ ಪ್ರೀತಿ. ರಾತ್ರಿ ಮಾತ್ರ ನಿದ್ದೆ ಇಲ್ಲ. ಮೂರು ಗಂಟೆಗೆ ಎಚ್ಚರ ಆದರೆ ಬೆಳಗಾಗುವವರೆಗೆ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾರೆ.

“ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇರಬೇಕು, ಅಲ್ವಾ?”

ಈ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಮೊದಲು ಒಬ್ಬ ವೈದ್ಯರನ್ನು ಕಾಣಲು ಹೇಳಿದೆ. ಕುಡಿತ ಬಿಟ್ಟವರಿಗೆ ಎಷ್ಟೋ ತಿಂಗಳು ನಿದ್ದೆ ಕೈಕೊಡುವುದುಂಟು. ಖಿನ್ನತೆಯಲ್ಲೂ ಹೀಗೆ ಬೇಗ ಎಚ್ಚರ ಆಗುತ್ತೆ. ಅದನ್ನು ನಂಬಿಕೆಯ ಕೊರತೆ ಅಂದುಕೊಂಡು ಇನ್ನಷ್ಟು ಉಪವಾಸ ಮಾಡಿ ಸೊರಗಿದವರನ್ನು ನೋಡಿದ್ದೇನೆ. ಪ್ರವಾದಿ ಎಲೀಯನು ಸಾಯಬೇಕು ಅಂತ ಮರದ ಕೆಳಗೆ ಮಲಗಿದಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ ಊಟ ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಊಟ ಕೊಟ್ಟ. ಬೈಬಲಿನ 1 ಅರಸುಗಳು 19ನೇ ಅಧ್ಯಾಯದಲ್ಲಿದೆ. ಇದನ್ನು ಹೇಳಿದಾಗ ಅವರ ಹೆಗಲು ಸ್ವಲ್ಪ ಸಡಿಲ ಆಯಿತು.

ಎರಡನೇ ಭೇಟಿಯಲ್ಲಿ ತಪ್ಪು ಮಾಡಿದ್ದು ನಾನು. ಮನೆಯವರ ಬಗ್ಗೆ ಕೇಳಿದಾಗಲೆಲ್ಲ ಅವರು “ಹಳೇದೆಲ್ಲ ಹೋಯ್ತು ಮೇಡಂ, ನಾನೀಗ ನೂತನ ಸೃಷ್ಟಿ” ಅನ್ನುತ್ತಿದ್ದರು. ಕ್ರಿಸ್ತನನ್ನು ನಂಬಿದವರು ಹೊಸ ಮನುಷ್ಯರಾಗುತ್ತಾರೆ ಅನ್ನೋ ಬೈಬಲಿನ ಮಾತು ಅದು. ನಾನೂ ವಿಶ್ವಾಸಿ. ಆ ಮಾತು ಕೇಳಿ ಖುಷಿಪಟ್ಟು ಮುಂದೆ ಹೋಗಿಬಿಟ್ಟೆ. ಮನೆಗೆ ಬಂದ ಮೇಲೆ ಹೊಳೆಯಿತು. ಒಂದು ಗಂಟೆಯಲ್ಲಿ ಆರೇಳು ಸಲ ಅದೇ ಮಾತು ಬಂದಿತ್ತು. ಪ್ರತಿ ಸಲವೂ ಬಾಗಿಲು ಮುಚ್ಚುವುದಕ್ಕೇ ಬಂದಿತ್ತು.

ಮುಂದಿನ ವಾರ ಬೇರೆ ಥರ ಕೇಳಿದೆ. “ಮೂರು ಗಂಟೆಗೆ ಎಚ್ಚರ ಆದಾಗ ಯಾರ ಮುಖ ಬರುತ್ತೆ?”

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಣ್ಣ.”

ಅಣ್ಣ ಮನೆ ಕಟ್ಟೋಕೆ ಕೂಡಿಟ್ಟಿದ್ದ ದುಡ್ಡನ್ನು ವ್ಯಾಪಾರಕ್ಕೆ ಅಂತ ಕೇಳಿ ತಗೊಂಡಿದ್ದರು. ಅರ್ಧ ಕುಡಿತಕ್ಕೆ ಹೋಯಿತು, ಅರ್ಧ ಸಾಲಕ್ಕೆ. ಪಾಲುದಾರ ಮೋಸ ಮಾಡಿದ ಅಂತ ಅಣ್ಣನಿಗೆ ಸುಳ್ಳು ಹೇಳಿದರು. ಅಮ್ಮ ತೀರಿಕೊಂಡ ದಿನ ಕುಡಿದೇ ಹೋಗಿದ್ದರು. ಅದಾದ ಕೆಲವೇ ವಾರಕ್ಕೆ ಯಾರಿಗೂ ಹೇಳದೆ ಊರು ಬಿಟ್ಟರು, ಫೋನ್ ನಂಬರ್ ಬದಲಾಯಿಸಿದರು. ನಂಬಿಕೆಗೆ ಬಂದದ್ದು ಇಲ್ಲಿಗೆ ಬಂದ ಮೇಲೆ. ಸಭೆಯಲ್ಲಿ ಒಬ್ಬರಿಗೂ ಈ ಕಥೆ ಗೊತ್ತಿಲ್ಲ.

ಖಾಲಿತನ ಎಲ್ಲಿಂದ ಬರುತ್ತಿದೆ ಅನ್ನೋದು ಆಗ ನನಗೆ ಕಾಣಿಸಿತು. ಸಭೆಯವರು ಪ್ರೀತಿಸುತ್ತಿದ್ದದ್ದು ಈ ಕಥೆ ಇಲ್ಲದ ಮನುಷ್ಯನನ್ನು. ಹಾಗಾಗಿ ಆ ಪ್ರೀತಿ ಇವರ ಮೈಗೆ ಹತ್ತುತ್ತಲೇ ಇರಲಿಲ್ಲ. ಯಾರಾದರೂ ಹೊಗಳಿದರೆ ‘ಇವರಿಗೆ ಗೊತ್ತಾದರೆ?’ ಅಂತ ಒಳಗೆ ಹೆದರಿಕೆ. ಆ ಹೆದರಿಕೆಗೆ ಇನ್ನೂ ಜಾಸ್ತಿ ಸೇವೆ. ನನ್ನ ಅನುಭವದಲ್ಲಿ, ಹೊಸದಾಗಿ ಬದುಕು ಶುರು ಮಾಡಿದ ಎಷ್ಟೋ ವಿಶ್ವಾಸಿಗಳು ಸುಸ್ತಾಗುವುದು ಹೀಗೇ.

ಅವರು ಹಿಡಿದುಕೊಂಡಿದ್ದ ವಾಕ್ಯಗಳನ್ನು ಇಬ್ಬರೂ ಕೂತು ಮತ್ತೆ ಓದಿದೆವು. ನೂತನ ಸೃಷ್ಟಿಯ ಮಾತು 2 ಕೊರಿಂಥ 5:17ರಲ್ಲಿದೆ. ಅವರು ಯಾವತ್ತೂ ಅಲ್ಲಿಗೇ ನಿಲ್ಲಿಸುತ್ತಿದ್ದರು. 18ನೇ ವಚನದಿಂದ, ಆ ಪತ್ರ ಬರೆದ ಅಪೊಸ್ತಲ ಪೌಲ ಹೇಳುವುದೆಲ್ಲ ಮುರಿದ ಸಂಬಂಧ ಸರಿಮಾಡಿಕೊಳ್ಳುವ ವಿಷಯವೇ. ಹಿಂದಿನದನ್ನು ಮರೆತು ಮುಂದಕ್ಕೆ ಓಡುತ್ತೇನೆ ಅಂತ ಫಿಲಿಪ್ಪಿ 3:13ರಲ್ಲಿ ಅವನು ಹೇಳುವುದು ನಿಜ. ಆದರೆ ಅದೇ ಅಧ್ಯಾಯದಲ್ಲಿ, ಏಳೇ ವಚನ ಹಿಂದೆ, ತಾನು ಸಭೆಯನ್ನು ಹಿಂಸಿಸಿದವನು ಅಂತ ತನ್ನ ಕೈಯಾರೆ ಬರೆದಿದ್ದಾನೆ. ಮರೆಯುವುದು ಅಂದರೆ ಮುಚ್ಚಿಡುವುದು ಅಂತ ಪೌಲ ಅಂದುಕೊಂಡಿರಲಿಲ್ಲ.

ಇನ್ನೊಂದು ಭಾಗ ಅವರನ್ನು ಜಾಸ್ತಿ ಮುಟ್ಟಿತು. ಯೇಸುವಿನ ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದು ಹೇಳಿದ್ದು ಇದ್ದಲಿನ ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುವಾಗ. ಯೋಹಾನ 18ರಲ್ಲಿದೆ. ಯೇಸು ಸತ್ತು ಎದ್ದುಬಂದ ಮೇಲೆ, 21ನೇ ಅಧ್ಯಾಯದಲ್ಲಿ, ಸಮುದ್ರದ ದಡದಲ್ಲಿ ಪೇತ್ರನಿಗೆ ಕಂಡದ್ದೂ ಇದ್ದಲಿನ ಬೆಂಕಿಯೇ. ಇದ್ದಲಿನ ಬೆಂಕಿಗೆ ಅಲ್ಲಿರುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತೆ. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಕರ್ತನು ಅವನನ್ನು ಅಂಥದ್ದೇ ಬೆಂಕಿಯ ಹತ್ತಿರ ಕೂರಿಸಿ, ಮೊದಲು ಊಟ ಕೊಟ್ಟು, ಅಲ್ಲಿಂದ ಶುರು ಮಾಡಿಸಿದ.

“ಹಾಗಾದ್ರೆ ನಾನು ಅಣ್ಣನ ಹತ್ರ ಹೋಗ್ಬೇಕು” ಅಂದರು. ಮುಖ ಬಿಳಿಚಿಕೊಂಡಿತ್ತು.

ನಾನು ಕೊಟ್ಟ ಸಲಹೆ ಇದು. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ನಿಮ್ಮನ್ನು ನೋಡಬೇಕೋ ಬೇಡವೋ ಅನ್ನೋದು ಅಣ್ಣನಿಗೆ ಬಿಟ್ಟದ್ದು. ಮೊದಲು ಪತ್ರ ಬರೆಯಿರಿ. ಕ್ಷಮಿಸು ಅಂತ ಒತ್ತಾಯ ಮಾಡಬೇಡಿ. ದೇವರು ನನ್ನನ್ನು ಕ್ಷಮಿಸಿದ್ದಾನೆ ಅನ್ನೋ ಮಾತು ಆ ಪತ್ರದಲ್ಲಿ ಬೇಡವೇ ಬೇಡ. ಅದು ನಿಮಗೆ ನೆಮ್ಮದಿ, ಅವರಿಗೆ ಗಾಯಕ್ಕೆ ಉಪ್ಪು. ದುಡ್ಡು ಹೇಗೆ, ಎಷ್ಟು ದಿನದಲ್ಲಿ ಕೊಡುತ್ತೀರಿ ಅಂತ ನಿಮ್ಮ ಕೈಲಾಗುವ ಲೆಕ್ಕ ಹಾಕಿ ಬರೆಯಿರಿ. ಬೈಬಲಿನಲ್ಲಿ ಬರುವ ಸುಂಕದವ ಜಕ್ಕಾಯ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನಿಮ್ಮ ಕೈಲಿ ಅಷ್ಟಾಗದಿದ್ದರೂ ತಗೊಂಡದ್ದಾದರೂ ವಾಪಸ್ ಹೋಗಲಿ. ಸಭಾಪಾಲಕರಿಗೆ, ಅಂದರೆ ಪಾಸ್ಟರ್‌ಗೆ, ಮಾತ್ರ ಎಲ್ಲಾ ಹೇಳಿ, ನಿಮ್ಮ ಜೊತೆ ಪ್ರಾರ್ಥನೆ ಮಾಡೋಕೆ ಒಬ್ಬರಾದರೂ ಬೇಕು. ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳುವ ಆತುರ ಈಗ ಬೇಡ. ಸಭೆಯ ಕೆಲಸ ಅರ್ಧಕ್ಕೆ ಇಳಿಸಿ.

ಪತ್ರದ ಮೊದಲ ಪ್ರತಿ ಎರಡು ಪುಟ ಇತ್ತು. ಕುಡಿತ ಹೇಗೆ ಶುರುವಾಯಿತು, ಸಾಲದವರು ಹೇಗೆ ಕಾಡಿದರು, ಎಲ್ಲಾ ಇತ್ತು. ಒಂದು ಪೆನ್ಸಿಲ್ ಕೊಟ್ಟು, ‘ಆದರೆ’ ಅಂತ ಬರುವ ಸಾಲುಗಳನ್ನೆಲ್ಲ ಹೊಡೆದುಹಾಕಿ ಅಂದೆ. ಒಂದೊಂದಾಗಿ ಹೊಡೆದರು. ಕೊನೆಗೆ ಉಳಿದದ್ದು ಐದು ಸಾಲು. ‘ಪಾಲುದಾರ ಮೋಸ ಮಾಡಲಿಲ್ಲ. ಮೋಸ ಮಾಡಿದ್ದು ನಾನು’ ಅನ್ನೋ ಸಾಲಿನ ಮೇಲೆ ಅವರ ಕೈ ತುಂಬಾ ಹೊತ್ತು ನಿಂತಿತ್ತು. ಹೊಡೆಯಲಿಲ್ಲ.

ಪತ್ರ ಹೋಯಿತು, ಉತ್ತರ ಬರಲಿಲ್ಲ. ಎರಡು ತಿಂಗಳು ಕಷ್ಟದ ದಿನ. “ನಾನು ಬದಲಾಗೇ ಇಲ್ವೇನೋ” ಅನ್ನುತ್ತಿದ್ದರು. ಆಗ ಜಾನ್ ನ್ಯೂಟನ್ ಬಗ್ಗೆ ಹೇಳಿದೆ. ಗುಲಾಮರನ್ನು ಸಾಗಿಸುತ್ತಿದ್ದ ಆ ನಾವಿಕ 1748ರಲ್ಲಿ ಬಿರುಗಾಳಿಯ ಮಧ್ಯೆ ದೇವರನ್ನು ಕೂಗಿಕೊಂಡ. ಹಾಗಂತ ಆ ವ್ಯಾಪಾರ ಅವತ್ತೇ ಬಿಡಲಿಲ್ಲ. 1754ರವರೆಗೂ ಅದೇ ಹಡಗುಗಳಲ್ಲಿದ್ದ. ಆ ವ್ಯಾಪಾರದಲ್ಲಿ ತಾನೂ ಕೈಯಾಡಿಸಿದ್ದೆ, ಅದಕ್ಕೆ ನಾಚಿಕೆಪಡುತ್ತೇನೆ ಅಂತ ಅಚ್ಚು ಹಾಕಿಸಿ ಊರಿಗೆಲ್ಲ ತಿಳಿಸಿದ್ದು 1788ರಲ್ಲಿ. ನಡುವೆ 40 ವರ್ಷ. ಅಷ್ಟು ತಡ ಆಗಬಾರದಿತ್ತು ಅಂತಲೇ ನನ್ನ ಅಭಿಪ್ರಾಯ, ಆ ವರ್ಷಗಳಲ್ಲಿ ನರಳಿದವರ ಲೆಕ್ಕ ಯಾರು ಕೊಡುತ್ತಾರೆ? ನೀವು ಎರಡು ವರ್ಷಕ್ಕೇ ಬಾಯಿ ಬಿಟ್ಟಿರಿ, ಅದನ್ನು ಸಣ್ಣದು ಅಂದುಕೊಳ್ಳಬೇಡಿ ಅಂದೆ.

ಈ ಮಧ್ಯೆ ಒಂದು ದಿನ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದರು. ಅಮ್ಮನ ಬೈಬಲ್. ಬೆನ್ನು ಕಿತ್ತುಹೋಗಿ ದಾರದಲ್ಲಿ ಹೊಲಿದಿದ್ದರು. ಹೊಸ ಬದುಕಿಗೆ ಹೊಸ ಬೈಬಲ್ ಇರಲಿ ಅಂತ ಇದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದರಂತೆ. ತೆರೆದರೆ 32ನೇ ಕೀರ್ತನೆಯ ಪಕ್ಕ ಮಾಸಿದ ಪೆನ್ಸಿಲ್ ಗೆರೆ. ಪಾಪವನ್ನು ಹೇಳಿಕೊಳ್ಳದೆ ಸುಮ್ಮನಿದ್ದಾಗ ಎಲುಬುಗಳೇ ಸವೆದುಹೋದವು, ಹಗಲೂ ರಾತ್ರಿ ನಿನ್ನ ಕೈ ನನ್ನ ಮೇಲೆ ಭಾರವಾಗಿತ್ತು ಅನ್ನುವ ಜಾಗ. ಅಮ್ಮ ಯಾಕೆ ಅಲ್ಲಿ ಗೆರೆ ಎಳೆದಿದ್ದರೋ. ಅವರು ಬೆರಳಿನಿಂದ ಆ ಗೆರೆಯನ್ನು ಮೆಲ್ಲಗೆ ಸವರುತ್ತಾ ಅತ್ತರು. ನಾನು ಏನೂ ಮಾತಾಡಲಿಲ್ಲ. ಅವತ್ತಿನಿಂದ ಮೂರು ಗಂಟೆಗೆ ಎಚ್ಚರ ಆದರೆ ಎದ್ದು ದೀಪ ಹಾಕಿ ಆ ಪುಟ ಓದುತ್ತಾರೆ, ಆಮೇಲೆ ಕೆಲವೊಮ್ಮೆ ನಿದ್ದೆ ಬರುತ್ತೆ.

ಭೇಟಿಗಳು ಮುಗಿಯುತ್ತಾ ಬಂದಿದ್ದವು. ಭಾನುವಾರ ಕುರ್ಚಿ ಹಾಕುವ ಕೆಲಸ ಮಾತ್ರ ಇಟ್ಟುಕೊಂಡಿದ್ದರು. ಅದನ್ನು ಮಾಡುವಾಗ ಹಾಡಿಕೊಳ್ಳುತ್ತೇನೆ, ಮೊದಲು ಹೀಗೆ ಹಾಡುತ್ತಿರಲಿಲ್ಲ ಅಂದರು. ಅಣ್ಣನಿಗೆ ಮೂರು ಕಂತು ಕಳಿಸಿದ್ದರು. ದುಡ್ಡು ವಾಪಸ್ ಬಂದಿರಲಿಲ್ಲ, ಮಾತೂ ಬಂದಿರಲಿಲ್ಲ.

ಕೊನೆಯ ಭೇಟಿಗೆ ಬಂದಾಗ ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಹಿಂದಿನ ರಾತ್ರಿ ಅಣ್ಣನಿಂದ ಒಂದೇ ಸಾಲಿನ ಮೆಸೇಜ್. ‘ಅಮ್ಮನ ಬೈಬಲ್ ನಿನ್ನ ಹತ್ರಾನೇ ಇದೆಯಾ?’

“ಏನಂತ ಬರೀಲಿ ಮೇಡಂ?”

“ಇದೆ ಅಂತ ಬರೀರಿ” ಅಂದೆ.