ಕೊಡಗಲ್ಲೇ ಇದ್ದು ಮೆಂಟರ್ ಬೇಕಾದ ಸಂಶೋಧನಾ ಗ್ರಾಂಟಿಗೆ ಅರ್ಜಿ ಹಾಕಬಹುದಾ?

ಪ್ರಶ್ನೆ: ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂ.ಡಿ. ಮುಗಿಸಿ ಈಗ ಕೊಡಗಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಕಾಫಿ ತೋಟದ ಕೆಲಸಗಾರರಲ್ಲಿ ಬಿ.ಪಿ. ಹೇಗಿದೆ, ಚಿಕಿತ್ಸೆ ಎಷ್ಟು ದಿನ ಮುಂದುವರಿಯುತ್ತದೆ ಅಂತ ಸಂಶೋಧನೆ ಮಾಡುವ ಆಸೆ. ಮೆಂಟರ್ ಜೊತೆ ಹಾಕಬೇಕಾದ ಕೆರಿಯರ್ ಗ್ರಾಂಟ್‌ಗಳಿಗೆ ಬೆಂಗಳೂರಿಗೇ ಹೋಗಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ:

ಮನೆ ಖಾಲಿ ಮಾಡಿಕೊಂಡು ಬೆಂಗಳೂರಿಗೆ ಹೋಗುವುದು ಬೇಡ. ಮೆಂಟರ್ ಮಾತ್ರ ಬೇಕೇ ಬೇಕು. ನಾನು ಸೋಮವಾರಪೇಟೆ ಕಡೆಯವಳು. ಇಂಥದ್ದೇ ಒಂದು ಫೆಲೋಶಿಪ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಪರಿಚಯದ ಕಿರಿಯರ ಅರ್ಜಿಗಳನ್ನು ಓದಿ ಗೀಚಿ ಕೊಡುವುದೂ ಇದೆ. ಹಾಗೆ ನೋಡಿದ್ದನ್ನೇ ಬರೆಯುತ್ತೇನೆ.

ಮೊದಲು ಯಾರ ಬಾಗಿಲು ತಟ್ಟಬಹುದು ಅನ್ನುವುದು. ನಮ್ಮ ದೇಶದಲ್ಲಿ ಮುಖ್ಯವಾದದ್ದು ಇಂಡಿಯಾ ಅಲಯನ್ಸ್. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಸಂಸ್ಥೆ. ಇದರ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಟ್ಟು 1,500 ಕೋಟಿ ರೂಪಾಯಿ, ಅದರಲ್ಲಿ 1,000 ಕೋಟಿ ಇಲಾಖೆಯದ್ದು. ಅರ್ಲಿ ಕೆರಿಯರ್ ಫೆಲೋಶಿಪ್‌ನಲ್ಲಿ ಲ್ಯಾಬ್ ವಿಜ್ಞಾನದವರಿಗೆ ಬೇರೆ ದಾರಿ, ವೈದ್ಯರು ಮತ್ತು ಸಾರ್ವಜನಿಕ ಆರೋಗ್ಯದವರಿಗೆ ಬೇರೆ ದಾರಿ. ನಿಮ್ಮದು ಎರಡನೆಯದು.

ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುವ ಕೆ ಸರಣಿಯ ಕೆರಿಯರ್ ಗ್ರಾಂಟ್‌ಗಳ ಹೆಸರು ಕೇಳಿರುತ್ತೀರಿ. ಕೆ08, ಕೆ23 ಎರಡೂ ಅಲ್ಲಿನ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಅದರ ಹಿಂದೆ ಹೋಗಿ ಸುಮ್ನೆ ಟೈಮ್ ಹಾಳು ಮಾಡಬೇಡಿ. ಕೆ99 ವಿದೇಶಿಯರಿಗೂ ಸಿಗುತ್ತದೆ, ಆದರೆ ಅದು ಅಲ್ಲೇ ಪೋಸ್ಟ್‌ಡಾಕ್ (ಡಾಕ್ಟರೇಟ್ ನಂತರದ ಸಂಶೋಧನೆ) ಮಾಡುತ್ತಿರುವವರಿಗೆ. ನಮ್ಮಂಥ ದೇಶದಲ್ಲೇ ಹುದ್ದೆಯಲ್ಲಿರುವ ಕಿರಿಯ ಸಂಶೋಧಕರಿಗೆ ಅಂತಲೇ ಇರುವುದು ಎನ್‌ಐಎಚ್‌ನದ್ದೇ ಆದ ಫೋಗಾರ್ಟಿ ಸೆಂಟರಿನ ಕೆ43. 2025ರಿಂದ ವಿದೇಶಕ್ಕೆ ಹೋಗುವ ಹಣದ ವಿಚಾರದಲ್ಲಿ ಎನ್‌ಐಎಚ್ ನಿಯಮ ಬದಲಾಯಿಸುತ್ತಿದೆ. ಹಾಗಾಗಿ ಅರ್ಜಿ ಕರೆದಿದ್ದಾರಾ ಅಂತ ಪ್ರೋಗ್ರಾಂ ಆಫೀಸರ್‌ಗೆ ನೇರವಾಗಿ ಮೇಲ್ ಹಾಕಿ ಕೇಳಿ. ಹೀಗೆ ಕೇಳುವುದು ಅಲ್ಲಿ ಮಾಮೂಲು, ಯಾರೂ ಶಿಫಾರಸು ಅಂದುಕೊಳ್ಳುವುದಿಲ್ಲ.

ಈಗ ಅಸಲು ವಿಷಯ. ಹೆಚ್ಚಿನವರು ಮೆಂಟರ್ ಜೊತೆಗಿನ ಗ್ರಾಂಟಿನ ಅರ್ಜಿಯನ್ನು ಮಾಮೂಲಿ ಪ್ರಾಜೆಕ್ಟ್ ಅರ್ಜಿಯ ಹಾಗೇ ಬರೆಯುತ್ತಾರೆ. ಮಾಮೂಲಿ ಗ್ರಾಂಟಿನಲ್ಲಿ ‘ನನಗೆ ಇದೆಲ್ಲ ಬರುತ್ತದೆ, ದುಡ್ಡು ಕೊಡಿ’ ಅಂತ ತೋರಿಸಬೇಕು. ಇಲ್ಲಿ ‘ಇಷ್ಟು ಬರುತ್ತದೆ, ಇದೊಂದು ಬರುವುದಿಲ್ಲ, ಇವರ ಹತ್ತಿರ ಹೀಗೆ ಕಲಿಯುತ್ತೇನೆ’ ಅಂತ ಹೇಳಬೇಕು. ಬರುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಲು ನಮ್ಮವರಿಗೆ ಸಂಕೋಚ. ಡಾಕ್ಟರುಗಳಿಗಂತೂ ಇನ್ನೂ ಜಾಸ್ತಿ. ಎಲ್ಲ ಗೊತ್ತಿದ್ದರೆ ಮೆಂಟರ್ ಯಾಕೆ ಬೇಕು ಅಂತ ಓದುವವರು ಕೇಳುವುದಿಲ್ವಾ? ಎನ್‌ಐಎಚ್‌ನಲ್ಲಿ ಕೆ ಅರ್ಜಿ ಅಳೆಯುವ ಐದು ಅಂಶಗಳಲ್ಲಿ ಸಂಶೋಧನಾ ಯೋಜನೆ ಒಂದು ಮಾತ್ರ. ಉಳಿದ ನಾಲ್ಕು ಅಭ್ಯರ್ಥಿ, ತರಬೇತಿ ಯೋಜನೆ, ಮೆಂಟರ್‌ಗಳು, ಮತ್ತು ಸಂಸ್ಥೆ.

ಬರದ ವಿಷಯ ಅಂದರೆ ಏನೋ ಒಂದು ಅಲ್ಲ. ಅದಿಲ್ಲದೆ ನಿಮ್ಮ ಪ್ರಶ್ನೆಗೆ ಉತ್ತರವೇ ಸಿಗಬಾರದು, ಅಂಥದ್ದಾಗಿರಬೇಕು. ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ಕಾಫಿ ಕೊಯ್ಲಿನ ಹೊತ್ತಿಗೆ ಕೆಲಸಗಾರರ ಲೈನ್ ಮನೆಗಳು ತುಂಬಿರುತ್ತವೆ. ಅಸ್ಸಾಮಿನಿಂದ ಬಂದವರು, ತಮಿಳುನಾಡಿನವರು, ನಮ್ಮ ಆದಿವಾಸಿ ಹಾಡಿಗಳ ಜನ, ಎಲ್ಲರೂ ಇರುತ್ತಾರೆ. ಜನವರಿಯಲ್ಲಿ ಬಿ.ಪಿ. ನೋಡಿ ಮಾತ್ರೆ ಶುರು ಮಾಡಿದ ಮನುಷ್ಯ ಜೂನ್‌ನಲ್ಲಿ ಹುಡುಕಿಕೊಂಡು ಹೋದರೆ ಇರುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ ‘ಲೆಕ್ಕ ಮುಗಿಸಿ ಹೋದ’ ಅನ್ನುತ್ತಾರೆ. ಊರಿಗೆ ಹೋದನೋ, ಪಕ್ಕದ ತೋಟಕ್ಕೆ ಹೋದನೋ ಅವರಿಗೂ ಗೊತ್ತಿರುವುದಿಲ್ಲ. ಹೋದವರೂ ಉಳಿದವರೂ ಒಂದೇ ಥರದವರು ಅಂತ ಹೇಳುವ ಹಾಗಿಲ್ಲ. ಮೈ ಹುಷಾರಿಲ್ಲದವರೇ ಮೊದಲು ಗಂಟುಮೂಟೆ ಕಟ್ಟಿರಬಹುದು. ಆಗ ಉಳಿದವರ ಲೆಕ್ಕ ಮಾತ್ರ ಹಿಡಿದರೆ ಬಿ.ಪಿ. ಎಲ್ಲರಿಗೂ ಹತೋಟಿಗೆ ಬಂದ ಹಾಗೆ ಕಾಣುತ್ತದೆ.

ಇಂಥ ಅರೆಬರೆ ಡೇಟಾವನ್ನು ಸಂಭಾಳಿಸುವುದೇ ಒಂದು ವಿದ್ಯೆ. ಸಿಗದ ಅಂಕಿಗಳನ್ನು ಅಂದಾಜಿನಿಂದ ತುಂಬುವ ಮಲ್ಟಿಪಲ್ ಇಂಪ್ಯುಟೇಶನ್, ಬಿಟ್ಟುಹೋದವರಂಥವರಿಗೆ ಲೆಕ್ಕದಲ್ಲಿ ಹೆಚ್ಚು ತೂಕ ಕೊಡುವ ಇನ್ವರ್ಸ್ ಪ್ರಾಬಬಿಲಿಟಿ ವೇಟಿಂಗ್ ಅಂತೆಲ್ಲ ವಿಧಾನಗಳಿವೆ. ಎಂ.ಡಿ.ಯಲ್ಲಿ ಯಾರೂ ಇದನ್ನು ಕೂರಿಸಿಕೊಂಡು ಕಲಿಸುವುದಿಲ್ಲ. ನಿಮ್ಮ ಅರ್ಜಿಯ ಬೆನ್ನೆಲುಬು ಇದೇ ಅಂತ ನನಗನ್ನಿಸುತ್ತದೆ. ಕೊಡಗಲ್ಲೇ ಯಾಕೆ ಅನ್ನುವ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಹಿಂದುಳಿದ ಗುಡ್ಡಗಾಡು ಜಿಲ್ಲೆ ಅಂತೆಲ್ಲ ಕರುಣೆ ಬರುವ ಹಾಗೆ ಬರೆಯುವ ಅಗತ್ಯವೇ ಬರುವುದಿಲ್ಲ.

ತರಬೇತಿ ಭಾಗದಲ್ಲಿ ನನ್ನ ಕೈಗೆ ಬರುವ ಸಾಲುಗಳು ಸಾಮಾನ್ಯವಾಗಿ ಹೀಗಿರುತ್ತವೆ: ‘ಸುಧಾರಿತ ಸಂಖ್ಯಾಶಾಸ್ತ್ರದ ಕಾರ್ಯಾಗಾರಗಳಲ್ಲಿ ಭಾಗವಹಿಸುತ್ತೇನೆ, ಮೆಂಟರ್ ಜೊತೆ ನಿಯಮಿತವಾಗಿ ಚರ್ಚಿಸುತ್ತೇನೆ.’ ಯಾವ ಕಾರ್ಯಾಗಾರ, ಯಾವಾಗ, ಕಲಿತು ಏನು ಮಾಡುತ್ತೀರಿ, ಒಂದೂ ಇಲ್ಲ. ಇದನ್ನೇ ಹೀಗೆ ಬರೆದು ನೋಡಿ: ‘ಮೊದಲ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಿಂದಾಗಿ ತೋಟಗಳಲ್ಲಿ ಫೀಲ್ಡ್ ಕೆಲಸ ನಡೆಯುವುದಿಲ್ಲ. ಆ ಸಮಯ ಸಹಮೆಂಟರ್ ಇರುವ ಸಂಸ್ಥೆಯಲ್ಲಿದ್ದು, ಅವರ ಹಳೆಯ ಕೊಹಾರ್ಟ್ (ಒಂದೇ ಗುಂಪಿನ ಜನರನ್ನು ಬಹುಕಾಲ ಗಮನಿಸಿದ) ಡೇಟಾದ ಮೇಲೆ ಅರೆಬರೆ ಡೇಟಾ ಸಂಭಾಳಿಸುವ ಈ ವಿಧಾನ ಕಲಿಯುತ್ತೇನೆ. ವರ್ಷದ ಕೊನೆಗೆ ಅದರಿಂದ ಒಂದು ಪೇಪರ್ ಕಳಿಸುತ್ತೇವೆ. ನನ್ನ ಎರಡನೇ ಉದ್ದೇಶದ ವಿಶ್ಲೇಷಣೆಗೆ ಇದೇ ವಿಧಾನ ಬಳಸುತ್ತೇನೆ.’ ಮಡಿಕೇರಿ ಮಳೆ ಕಂಡವರಿಗೆ ಇದು ನೆಪ ಅಲ್ಲ ಅಂತ ಗೊತ್ತು. ಕಾಣದವರಿಗೂ ಈ ಮನುಷ್ಯ ನೆಲ ನೋಡಿ ಪ್ಲಾನ್ ಮಾಡಿದ್ದಾನೆ ಅನ್ನಿಸುತ್ತದೆ. ಬಿಸಿಬಿಆರ್ ಅನ್ನುವ ಸಂಶೋಧನೆಯ ಪ್ರಾಥಮಿಕ ಕೋರ್ಸಿನ ಸರ್ಟಿಫಿಕೇಟನ್ನು ಮಾತ್ರ ತರಬೇತಿ ಅಂತ ಇಲ್ಲಿ ತುರುಕಬೇಡಿ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ವಿಜ್ಞಾನ ಸಂಸ್ಥೆ (ಎನ್‌ಐಇ) ನಡೆಸುವ ಆ ಕೋರ್ಸ್ ಒಳ್ಳೆಯದೇ. ಆದರೆ ಮೆಡಿಕಲ್ ಕಾಲೇಜಿನ ಅಧ್ಯಾಪಕರು, ಪಿ.ಜಿ. ಓದುವವರು ಮಾಡಲೇಬೇಕಾದ ಕೋರ್ಸ್ ಅದು, ಅಲ್ವಾ?

ಇನ್ನು ಮೆಂಟರ್. ಒಬ್ಬರೇ ಎಲ್ಲ ಆಗಬೇಕಿಲ್ಲ. ಕೆ43ರಲ್ಲಿ ಅಮೆರಿಕದ ಒಬ್ಬರು, ನಮ್ಮ ಕಡೆಯ ಒಬ್ಬರು ಅಂತ ನಿಯಮವೇ ಇದೆ. ಆ ಮಾದರಿ ಎಲ್ಲ ಅರ್ಜಿಗೂ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಇಲ್ಲಿನ ಹಿರಿಯರೊಬ್ಬರು ಜಾಗ, ಜನ, ದೈನಂದಿನ ಸಮಸ್ಯೆ ನೋಡಿಕೊಳ್ಳುತ್ತಾರೆ. ಹೊರಗಿನವರು ವಿಧಾನ ಕಲಿಸುತ್ತಾರೆ. ಇಂಡಿಯಾ ಅಲಯನ್ಸ್‌ನಲ್ಲಿ ನಿಮ್ಮ ಕೆಲಸಕ್ಕೆ ಜಾಗ, ಸೌಕರ್ಯ ಕೊಡುತ್ತೇನೆ ಅಂತ ಒಪ್ಪುವ ಸೂಪರ್‌ವೈಸರ್ ಬೇಕು. ಆದ್ದರಿಂದ ನಿಮ್ಮ ಮುಂದೆ ಎರಡು ದಾರಿ. ನಿಮ್ಮ ಕಾಲೇಜನ್ನೇ ಸಂಸ್ಥೆಯಾಗಿ ತೋರಿಸಿ ಹೊರಗಿನ ತಜ್ಞರನ್ನು ಸೇರಿಸಿಕೊಳ್ಳುವುದು ಒಂದು. ಮೈಸೂರಿನದ್ದೋ ಬೆಂಗಳೂರಿನದ್ದೋ ಸಂಸ್ಥೆಯನ್ನು ತೋರಿಸಿ ಫೀಲ್ಡ್ ಕೆಲಸ ಕೊಡಗಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಹೋಗುವುದಾದರೆ ಈಗಿನ ಹುದ್ದೆಯ ರಜೆ, ಲೀನ್ (ವಾಪಸ್ ಬರುವವರೆಗೆ ಹುದ್ದೆ ಉಳಿಸಿಕೊಳ್ಳುವ ಹಕ್ಕು) ಕಥೆ ಏನು ಅಂತ ಮೊದಲೇ ವಿಚಾರಿಸಿ.

ಪರಿಚಯವಿಲ್ಲದ ದೊಡ್ಡವರಿಗೆ ಮೇಲ್ ಹಾಕುವಾಗ ‘ತಮ್ಮ ಮಾರ್ಗದರ್ಶನ ಕೋರುತ್ತೇನೆ’ ಅಂತ ನಾಲ್ಕು ಸಾಲು ಕಳಿಸಿದರೆ ಉತ್ತರ ಬರುವುದಿಲ್ಲ. ಒಂದು ಪುಟದಲ್ಲಿ ಪ್ರಶ್ನೆ, ಕೈಯಲ್ಲಿರುವ ಡೇಟಾ, ಅವರಿಂದ ಕಲಿಯಬೇಕಾದ ಒಂದೇ ಒಂದು ವಿಷಯ, ಇಷ್ಟು ಕಳಿಸಿ. ಅವರ ಯಾವ ಪೇಪರ್ ಓದಿ ಬರೆಯುತ್ತಿದ್ದೀರಿ ಅಂತ ಹೇಳಿ. ಒಪ್ಪಿಕೊಂಡ ಮೇಲೆ ಒಂದು ಚಿಕ್ಕ ಪೇಪರ್ ಆದರೂ ಒಟ್ಟಿಗೆ ಬರೆಯಿರಿ. ಅರ್ಜಿಗಾಗಿಯೇ ಕಟ್ಟಿದ ಸಂಬಂಧ ಓದುವವರಿಗೆ ಥಟ್ಟನೆ ಗೊತ್ತಾಗುತ್ತದೆ. ಮೆಂಟರ್ ಪತ್ರದಲ್ಲಿ ‘ಇವರು ಬಹಳ ಬುದ್ಧಿವಂತರು’ ಅನ್ನುವುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಭೇಟಿ, ಯಾವ ಡೇಟಾ ಕೊಡುತ್ತಾರೆ, ಹಿಂದೆ ಯಾರನ್ನು ತಯಾರು ಮಾಡಿದ್ದಾರೆ, ಮುಂದೆ ನಿಮ್ಮ ವಿಷಯವನ್ನು ನಿಮಗೇ ಬಿಟ್ಟುಕೊಡುತ್ತಾರಾ, ಇದು ಬರಬೇಕು. ಕೊನೆಯದು ಬಹಳ ಮುಖ್ಯ. ಅವರು ತುಂಬಾ ಬ್ಯುಸಿ ಇದ್ದರೆ ಕರಡು ನೀವೇ ಬರೆದು ಕೊಡಿ. ಎನ್‌ಐಎಚ್‌ನ ಕೆ ಅರ್ಜಿಗೆ ಬೇರೆಯವರಿಂದ ಮೂರರಿಂದ ಐದು ರೆಫರೆನ್ಸ್ ಪತ್ರ ಬೇಕು. ಮೆಂಟರ್ ಪತ್ರ ಆ ಲೆಕ್ಕಕ್ಕೆ ಬರುವುದಿಲ್ಲ.

ನಿಜವಾದ ಜಗ್ಗಾಟ ಇರುವುದು ಸಮಯದ ವಿಷಯದಲ್ಲಿ. ಕೆ43ಕ್ಕೆ ನಿಮ್ಮ ಕೆಲಸದ ಹೊತ್ತಿನಲ್ಲಿ ಕನಿಷ್ಠ ಶೇ. 75 ಭಾಗ ಸಂಶೋಧನೆ ಮತ್ತು ತರಬೇತಿಗೆ ಮೀಸಲಾಗಬೇಕು. ನಮ್ಮ ಕಾಲೇಜುಗಳಲ್ಲಿ ಎಂಬಿಬಿಎಸ್ ಕ್ಲಾಸು, ಫೀಲ್ಡ್ ಪೋಸ್ಟಿಂಗು, ಪರೀಕ್ಷೆ, ಇನ್ಸ್‌ಪೆಕ್ಷನ್ ಬಂದರೆ ಫೈಲು, ಇದೆಲ್ಲ ಬಿಟ್ಟು ಶೇ. 75 ಎಲ್ಲಿಂದ ತರುವುದು? ‘ಸಂಸ್ಥೆ ಪೂರ್ಣ ಸಹಕಾರ ನೀಡುತ್ತದೆ’ ಅನ್ನುವ ಪತ್ರ ಯಾರು ಬೇಕಾದರೂ ಕೊಡುತ್ತಾರೆ. ಅದನ್ನು ಯಾರೂ ನಂಬುವುದಿಲ್ಲ. ವಾರಕ್ಕೆ ಎಷ್ಟು ಗಂಟೆ ಪಾಠ, ಯಾವ ಡ್ಯೂಟಿಯಿಂದ ವಿನಾಯಿತಿ, ಆ ಡ್ಯೂಟಿ ಯಾರು ಮಾಡುತ್ತಾರೆ ಅಂತ ಪತ್ರದಲ್ಲಿ ಬರೆಸಿಕೊಳ್ಳಿ. ಮೊದಲು ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ತಿರ ಕೂತು ಮಾತಾಡಿ, ಆಮೇಲೆ ಡೀನ್ ಹತ್ತಿರ. ತಲೆ ದಾಟಿ ಹೋದರೆ ಕೆಲಸ ಕೆಡುತ್ತದೆ, ನಿಮಗೂ ಗೊತ್ತಿರುತ್ತದೆ.

ಬಜೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೀಲ್ಡಿಗೆ ಬರುವವರ ಸಂಬಳ ಮತ್ತು ಜೀಪಿನ ಬಾಡಿಗೆ ಮರೆಯಬೇಡಿ. ಒಳಗಿನ ತೋಟಗಳಿಗೆ ಬಸ್ ಇಲ್ಲ.

ಅರ್ಜಿ ಹಾಕುವ ಮುಂಚೆ ಕೈಯಲ್ಲಿ ಸ್ವಲ್ಪ ಡೇಟಾ ಇದ್ದರೆ ತೂಕ ಬರುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ತನ್ನ ಅಧೀನದ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ಗ್ರಾಂಟ್ ಕೊಡುತ್ತದೆ. ಅದರಿಂದ ಒಂದೆರಡು ತೋಟದಲ್ಲಿ ಪೈಲಟ್ ಮಾಡಿ. ಎಷ್ಟು ಜನ ಮಧ್ಯದಲ್ಲೇ ಸಿಗದೆ ಹೋದರು ಅನ್ನುವ ಒಂದು ಅಂಕಿ ಸಿಕ್ಕಿದರೂ ಸಾಕು, ನಿಮ್ಮ ಇಡೀ ವಾದ ಅದರ ಮೇಲೆ ಕೂರುತ್ತದೆ.

ಒಂದು ಸಲ ಆಗದಿದ್ದರೆ ವಿಮರ್ಶಕರ ಟಿಪ್ಪಣಿ ಓದಿ ಮತ್ತೆ ಹಾಕಿ. ಎನ್‌ಐಎಚ್‌ನಲ್ಲಿ 37 ತಿಂಗಳೊಳಗೆ ಅದೇ ಅರ್ಜಿಯನ್ನು ತಿದ್ದಿ ಒಮ್ಮೆ ಸಲ್ಲಿಸಲು ಅವಕಾಶ ಇದೆ.

ಕೊನೆಗೆ ಕಾಗದಪತ್ರ. ಕಾಲೇಜಿನ ಎಥಿಕ್ಸ್ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ನೋಡಿ. ವಿದೇಶಿ ಹಣ ಅಥವಾ ವಿದೇಶಿ ಸಹಭಾಗಿತ್ವ ಇದ್ದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆ ಬೇಕು. ಎನ್‌ಐಎಚ್‌ಗೆ ಹಾಕುವುದಾದರೆ ಸಂಸ್ಥೆ ಅಮೆರಿಕ ಸರ್ಕಾರದ ಸ್ಯಾಮ್ ಪೋರ್ಟಲ್‌ನಲ್ಲೂ ಎನ್‌ಐಎಚ್‌ನ ಅರ್ಜಿ ಪೋರ್ಟಲ್ ಇ-ಆರ್‌ಎ ಕಾಮನ್ಸ್‌ನಲ್ಲೂ ನೋಂದಣಿ ಆಗಿರಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ವಾಪಸ್ ಬರುತ್ತದೆ. ಅರ್ಜಿಯ ಮೊದಲ ಸಾಲು ಬರೆಯುವ ಮುಂಚೆಯೇ ಕಾಲೇಜಿನ ಅಕೌಂಟ್ಸ್ ಸೆಕ್ಷನ್‌ಗೆ ಹೋಗಿ, ಇದರಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಕೇಳಿಕೊಂಡು ಬನ್ನಿ.