ದಾಕ್ಷಿಣ್ಯಕ್ಕೆ ಕೊಟ್ಟ ಮುಂಗಡ

ಮೊದಲ ಸಲ ಸೈಟು ಕೊಳ್ಳಲು ಹೊರಟ ಗಂಡ ಹೆಂಡತಿ ಒಟ್ಟಿಗೆ, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವುದು ಈಚೆಗೆ ಹೆಚ್ಚಾಗಿದೆ. ಸೈಟಿನ ಮಾತು ಶುರುವಾದಂದಿನಿಂದ ಮನೆಯಲ್ಲಿ ಬೇರೆಲ್ಲ ಮಾತು ನಿಂತುಹೋಗಿದೆ ಎಂಬುದು ಅವರ ದೂರು. ಅಂಥ ಮನೆಗಳಲ್ಲಿ ಮಾರುವವರು ಬಹುತೇಕ ಗುರುತಿನವರೇ ಆಗಿರುತ್ತಾರೆ: ಭಾವ, ಸೋದರಮಾವ, ಕಾರ್ಖಾನೆಯ ಹಿರಿಯ ಸಹೋದ್ಯೋಗಿ. ಅದೇ ಕಥೆ ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಒಂದು ಪ್ರಕರಣವನ್ನು, ಆ ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗಂಡನಿಗೆ ಮೂವತ್ತು ದಾಟಿದೆ, ಕಾರ್ಖಾನೆಯಲ್ಲಿ ಕಾಯಂ ನೌಕರಿ. ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಬಾಡಿಗೆ ಮನೆ, ಒಬ್ಬಳು ಮಗಳು. ಗಂಡನ ಅಕ್ಕನ ಯಜಮಾನರು ಮೈಸೂರಿನ ಹೊರವಲಯದಲ್ಲಿ ಸೈಟು ಮಾಡಿ ಮಾರುವವರ ಪಾಲುದಾರರು. ಮೂವತ್ತು ನಲವತ್ತರ ಒಂದು ಸೈಟಿಗೆ 18 ಲಕ್ಷ ರೂಪಾಯಿ ಎಂದು ಮಾತಾಗಿ, 2 ಲಕ್ಷ ಮುಂಗಡ ನಗದಿನಲ್ಲಿಯೇ ಹೋಗಿತ್ತು. ಬ್ಯಾಂಕಿನವರು ಆ ಸೈಟಿನ ಮೇಲೆ ಸಾಲ ಕೊಡುವುದಿಲ್ಲ ಎಂದಿದ್ದರು. ಹಾಗಾಗಿ ಸಹಕಾರ ಸಂಘದ ಸಾಲ ಎತ್ತಿ, ಉಳಿತಾಯ ಸೇರಿಸಿ, ಕಡಿಮೆ ಬಿದ್ದದ್ದಕ್ಕೆ ಹೆಂಡತಿಯ ಬಳೆಗಳನ್ನು ಗಿರವಿ ಇಡುವುದೆಂದು ಗಂಡ ನಿಶ್ಚಯಿಸಿದ್ದರು. ಹೆಂಡತಿ ಬಳೆ ಕೊಡಲಿಲ್ಲ. ಅಂದಿನಿಂದ ಇಬ್ಬರೂ ಮಗಳ ಮೂಲಕವೇ ಮಾತಾಡುತ್ತಿದ್ದರು.

ಮೊದಲ ಎರಡು ಭೇಟಿಗಳಲ್ಲಿ ಗಂಡ ಹೇಳಿದ್ದನ್ನೇ ಹೇಳಿದರು. ಬಾಡಿಗೆ ಕಟ್ಟಿ ಕಟ್ಟಿ ಕೈಗೆ ಏನೂ ಉಳಿಯುತ್ತಿಲ್ಲ, ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಒಂದೊಂದು ಸೈಟು ಮಾಡಿಕೊಂಡಿದ್ದಾರೆ, ಇವಳಿಗೆ ನಾಳೆಯ ಯೋಚನೆಯಿಲ್ಲ. ಹೆಂಡತಿ ತಲೆ ತಗ್ಗಿಸಿ ಕುಳಿತಿರುತ್ತಿದ್ದರು. ಅವರಿಗೆ ಹಣದ ವಿಚಾರ ತಿಳಿಯದೆಂದು ನಾನೂ ಒಂದು ಕ್ಷಣ ಭಾವಿಸಿದ್ದೆ; ಅದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೂರನೆಯ ಭೇಟಿಯಲ್ಲಿ, ಸೈಟಿನ ಕಾಗದಗಳನ್ನು ಇಬ್ಬರೂ ಕೂತು ನೋಡಿದ್ದೀರಾ ಎಂದು ಕೇಳಿದೆ. ಗಂಡ, ಬಣ್ಣದಲ್ಲಿ ಅಚ್ಚಾದ ಬಡಾವಣೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಉದ್ಯಾನ, ದೇವಸ್ಥಾನ, ನಲವತ್ತು ಅಡಿ ರಸ್ತೆ ಎಲ್ಲ ಇದ್ದವು. ಒಂದು ಸೈಟಿನ ಸುತ್ತ ನೀಲಿ ಪೆನ್ನಿನ ಗೆರೆ ಎಳೆದಿತ್ತು. ಬೇರೆ ಕಾಗದಗಳೆಲ್ಲಿ ಎಂದಾಗ, "ಭಾವನ ಹತ್ತಿರ ಇವೆ ಮೇಡಂ. ಅವರನ್ನು ಹೇಗೆ ಕೇಳಲಿ? ನಮ್ಮ ಅಪ್ಪ ತೀರಿಕೊಂಡಾಗ ಎಲ್ಲ ನಿಂತು ಮಾಡಿದವರು ಅವರು. ಕೇಳಿದರೆ ನಂಬಿಕೆ ಇಲ್ಲ ಅಂದ ಹಾಗೆ ಆಗುತ್ತೆ" ಎಂದರು.

ಆಗ ಹೆಂಡತಿ ಬಾಯಿ ತೆರೆದರು. ದನಿ ಏರಿಸಲಿಲ್ಲ. "ಕೈಯಲ್ಲಿರೋ ಬಳೆ ಬಿಚ್ಚಿಕೊಡು ಅಂತ ನನ್ನ ಕೇಳೋವಾಗ ಇವರಿಗೆ ಸಂಕೋಚ ಆಗಲಿಲ್ಲ ಮೇಡಂ. ಭಾವನ ಹತ್ತಿರ ಒಂದು ಜೆರಾಕ್ಸ್ ಕೇಳೋಕೆ ಸಂಕೋಚ."

ಗಂಡ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆಯನ್ನು ತೆಗೆದು, ಬಿಡಿಸಿ, ನಕ್ಷೆಯ ಮೇಲೆ ಇಟ್ಟರು. ಮಡಿಕೆಗಳಲ್ಲಿ ಕಾಗದ ಸವೆದು ಹರಿಯುವ ಹಾಗಾಗಿತ್ತು. ಅದು ಅದೇ ಸರ್ವೆ ನಂಬರಿನ ಪಹಣಿ, ಎಂದರೆ ಜಮೀನಿನ ಮಾಲೀಕರು ಯಾರು, ಬೆಳೆ ಏನು ಎಂದು ತೋರಿಸುವ ಕಂದಾಯ ದಾಖಲೆ. ಒಂದು ತಿಂಗಳ ಹಿಂದೆಯೇ ಅವರು ಸರ್ಕಾರದ 'ಭೂಮಿ' ಜಾಲತಾಣದಲ್ಲಿ ಹುಡುಕಿ ಮುದ್ರಿಸಿಕೊಂಡಿದ್ದರು. ಮಾಲೀಕರ ಕಾಲಂನಲ್ಲಿ ನಾಲ್ವರ ಹೆಸರು ಜಂಟಿಯಾಗಿತ್ತು. ಭಾವನದ್ದಾಗಲಿ ಅವರ ಪಾಲುದಾರರದ್ದಾಗಲಿ ಇರಲಿಲ್ಲ. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆಯ ಉಲ್ಲೇಖ ಎಲ್ಲಿಯೂ ಇರಲಿಲ್ಲ. ಬೆಳೆಯ ಕಾಲಂನಲ್ಲಿ ರಾಗಿ ಎಂದಿತ್ತು. ಹೆಂಡತಿ ಆ ಹಾಳೆಯನ್ನು ಅಂದೇ ಮೊದಲು ನೋಡಿದ್ದು.

ಈ ಮನುಷ್ಯನಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ, ನಕ್ಷೆಗೆ ಅನುಮೋದನೆ ಪಡೆಯದೆ ತುಂಡರಿಸಿ ಮಾರುವ ರೆವಿನ್ಯೂ ಸೈಟು ಎಂದರೇನು ಎಂಬುದು ಅವರಿಗೆ ಗೊತ್ತಿತ್ತು. ಬ್ಯಾಂಕು ಸಾಲ ಕೊಡದಿದ್ದುದಕ್ಕೆ ಕಾರಣವೂ ಗೊತ್ತಿತ್ತು. ಗೊತ್ತಿದ್ದುದನ್ನು ಬಾಯಿಬಿಟ್ಟು ಕೇಳಲಾರದೆ, ಆ ಸಂಕಟವನ್ನು ಒಂದು ತಿಂಗಳು ಜೇಬಿನಲ್ಲಿ ಹೊತ್ತು ತಿರುಗಿ, ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಿದ್ದರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ತಾವಿಲ್ಲ ಎಂದು ನಮ್ಮ ಹಳ್ಳಿಯ ಹೆಂಗಸರು ಹೇಳುವುದು ಇಂಥದನ್ನೇ ಕಂಡು.

ನಾನು ಕೊಟ್ಟ ಸಲಹೆ ಎರಡು ಭಾಗದ್ದು. ಮುಂದಿನ ಒಂದು ರೂಪಾಯಿಯನ್ನೂ ಕೊಡುವ ಮೊದಲು, ಭಾವನಿಗೆ ಸಂಬಂಧವಿಲ್ಲದ, ತಾವೇ ಹುಡುಕಿಕೊಂಡ ವಕೀಲರಿಗೆ ಕಾಗದಗಳನ್ನು ತೋರಿಸಬೇಕು ಎಂಬುದು ಮೊದಲನೆಯದು. ಮೂಲಪತ್ರ, ಕನಿಷ್ಠ ಮೂವತ್ತು ವರ್ಷದ ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ), ಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ, ಸ್ಥಳೀಯ ಸಂಸ್ಥೆಯ ಆಸ್ತಿ ಖಾತೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಇವು ಕೇಳಲೇಬೇಕಾದವು. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಸೈಟು ಮಾಡಿ ಮಾರುವವರು 2016ರ ರೇರಾ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಮಾರಾಟದ ಒಪ್ಪಂದವನ್ನು ನೋಂದಾಯಿಸದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯಲು ಅದೇ ಕಾಯ್ದೆ ಬಿಡುವುದಿಲ್ಲ. ಇವರು ಕೊಟ್ಟದ್ದು ಆಗಲೇ ಆ ಮಿತಿಯನ್ನು ದಾಟಿತ್ತು. ಅಲ್ಲದೆ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಿನಲ್ಲಿ ಪಡೆಯುವಂತೆಯೇ ಇಲ್ಲ. ಸದ್ಯಕ್ಕೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಡುತ್ತೇವೆ ಎಂದು ಭಾವ ಹೇಳಿದ್ದರಂತೆ. ಜಿಪಿಎ ಮತ್ತು ಒಪ್ಪಂದಪತ್ರದ ಮೂಲಕ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ಇಸಿ ಒಂದನ್ನೇ ನೋಡಿ ನೆಮ್ಮದಿಯಾಗಿರುವವರಿಗೂ ಒಂದು ಮಾತು ಹೇಳಬೇಕು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ಸಹಿ ಹಾಕದ ಹೆಣ್ಣುಮಕ್ಕಳ ಹಕ್ಕು ಅಲ್ಲಿ ಕಾಣುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಷ್ಟೇ ಹಕ್ಕುದಾರಳು. ಹಾಗೆಯೇ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಕರ್ನಾಟಕದ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಡಿ ಆ ಮಾರಾಟ ಅಸಿಂಧು. ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಕೊಳ್ಳುವವರು ಇವನ್ನು ಕಾನೂನಿನ ತೊಡಕುಗಳೆಂದು ಬೇಸರಪಡುತ್ತಾರೆ. ಯಾರದೋ ನೆಲ ಅವರ ಕೈತಪ್ಪದಿರಲೆಂದು ಹುಟ್ಟಿದ ಕಾನೂನುಗಳು ಇವು ಎಂದು ನಾನು ಅವರಿಗೆ ಹೇಳುತ್ತೇನೆ.

ಆಪ್ತಸಲಹೆಗಾರ್ತಿಗೆ ಪಹಣಿ, ಇಸಿಗಳ ಉಸಾಬರಿ ಏಕೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಕಾಗದಗಳನ್ನು ಪರಿಶೀಲಿಸುವುದು ವಕೀಲರ ಕೆಲಸ, ನಾನು ಅದಕ್ಕೆ ಕೈಹಾಕಲಿಲ್ಲ. ಆದರೆ ಏನನ್ನು ಕೇಳಬೇಕೆಂಬ ಪಟ್ಟಿ ಕೈಯಲ್ಲಿಲ್ಲದೆ, "ಧೈರ್ಯವಾಗಿ ಕೇಳಿ" ಎಂದು ಬೆನ್ನು ತಟ್ಟಿ ಕಳಿಸಿದರೆ ಆ ಮನುಷ್ಯ ಬಾಗಿಲವರೆಗೆ ಹೋಗಿ ಕಾಫಿ ಕುಡಿದು ವಾಪಸು ಬರುತ್ತಾನೆ. ಹಾಗೆ ಬಂದವರನ್ನು ನಾನು ಕಂಡಿದ್ದೇನೆ.

ಸಲಹೆಯ ಎರಡನೆಯ ಭಾಗವೇ ಮುಖ್ಯವಾದದ್ದು. ಕೇಳಲು ಒಪ್ಪಿದ ಗಂಡ, "ಇವಳು ಕೇಳುತ್ತಿದ್ದಾಳೆ ಅಂತ ಹೇಳಿಬಿಡುತ್ತೇನೆ, ಆಗ ಭಾವನಿಗೆ ನನ್ನ ಮೇಲೆ ಬೇಜಾರಾಗುವುದಿಲ್ಲ" ಎಂದರು. ಬಹಳ ಗಂಡಸರು ಇದೇ ದಾರಿ ಹಿಡಿಯುತ್ತಾರೆ. ನಾನು ಬೇಡವೆಂದೆ. ಹೆಂಡತಿಯ ಹೆಸರು ಹೇಳಿದರೆ ಅಂದಿನ ಮುಜುಗರ ತಪ್ಪೀತು, ಆದರೆ ಇನ್ನು ಹತ್ತು ವರ್ಷ ಪ್ರತಿ ಮದುವೆಯಲ್ಲಿ, ಪ್ರತಿ ಗೃಹಪ್ರವೇಶದಲ್ಲಿ ಸಂಬಂಧ ಕೆಡಿಸಿದವಳೆಂಬ ಹೆಸರು ಆಕೆಯ ತಲೆಗೆ ಅಂಟಿಕೊಂಡಿರುತ್ತದೆ. ಆಡಬೇಕಾದ ಮಾತನ್ನು ಅಲ್ಲಿಯೇ ಬರೆಸಿದೆ: "ಭಾವ, ಇದು ನಾನು ಕೊಳ್ಳುತ್ತಿರುವ ಮೊದಲ ಆಸ್ತಿ. ಕಾಗದ ನಮ್ಮ ವಕೀಲರಿಗೆ ತೋರಿಸಿದ ಮೇಲೆಯೇ ಮುಂದಿನ ಹಣ ಕೊಡುತ್ತೇನೆ. ನಮ್ಮ ಅಪ್ಪನೇ ಮಾರುತ್ತಿದ್ದರೂ ಹೀಗೆಯೇ ಕೇಳುತ್ತಿದ್ದೆ." ಹೆಂಡತಿಯ ಎದುರಿಗೆ ಮೂರು ಸಲ ಗಟ್ಟಿಯಾಗಿ ಓದಿಸಿದೆ. ಮೊದಲ ಸಲ ಅವರ ದನಿ ನಡುಗಿತು.

ಜೊತೆಗೆ ಲೆಕ್ಕವೊಂದನ್ನು ಇಬ್ಬರೂ ಕೂಡಿ ಬರೆಯುವಂತೆ ಹೇಳಿದೆ. ಈಗಿನ ದರದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇಕಡಾ 2. 18 ಲಕ್ಷಕ್ಕೆ ಇದೇ 1.35 ಲಕ್ಷ ದಾಟುತ್ತದೆ. ಅದು ಅವರ ಲೆಕ್ಕದಲ್ಲಿಯೇ ಇರಲಿಲ್ಲ. ಖಾಲಿ ಸೈಟು ಬಾಡಿಗೆ ತರುವುದಿಲ್ಲ, ಬೇಕೆಂದ ದಿನ ಮಾರಾಟವಾಗುವುದಿಲ್ಲ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತದೆ. ಆರು ತಿಂಗಳ ಮನೆಖರ್ಚು ಪಕ್ಕಕ್ಕಿಟ್ಟ ಮೇಲೆ ಉಳಿಯುವ ಹಣದಲ್ಲಿ ಏನು ಸಾಧ್ಯವೋ ಅಲ್ಲಿಂದಲೇ ಶುರುಮಾಡಿ ಎಂದೆ.

ಅವರು ಹೋಗಿ ಕೇಳಿದರು. "ನನ್ನ ಮೇಲೆ ನಂಬಿಕೆ ಇಲ್ಲವಾ?" ಎಂದ ಭಾವ, ಮೂರು ವಾರ ಕಳೆದರೂ ಕಾಗದ ಕೊಡಲಿಲ್ಲ. ಕೊನೆಗೆ ಮುಂಗಡ ವಾಪಸು ಕೇಳಬೇಕಾಯಿತು. ಅದು ಕಂತುಕಂತಾಗಿ ಬಂತು. ಕೊನೆಯ 40,000 ಇನ್ನೂ ಬಂದಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನವನ್ನು ಅಕ್ಕ ತೆಗೆದುಕೊಳ್ಳಲಿಲ್ಲ. ಅದನ್ನು ಹೇಳುವಾಗ ಗಂಡನ ಕಣ್ಣು ತುಂಬಿತು, ನನಗೂ ರಾತ್ರಿಯೆಲ್ಲ ಕಾಡಿತು. ಹೆಂಡತಿಯ ಹೆಸರು ಹೇಳಲು ಬಿಟ್ಟಿದ್ದರೆ ಅಕ್ಕ ತಮ್ಮಂದಿರ ನಂಟು ಉಳಿಯುತ್ತಿತ್ತೇನೋ ಎಂದು ಯೋಚಿಸಿದ್ದೇನೆ. ಆದರೆ ಒಬ್ಬ ಹೆಣ್ಣುಮಗಳ ಮುನಿಸು ತಪ್ಪಿಸಲು ಇನ್ನೊಬ್ಬ ಹೆಣ್ಣುಮಗಳ ಮೇಲೆ ಸುಳ್ಳು ಹೊರಿಸುವ ಸಲಹೆಯನ್ನು ನಾನು ಕೊಡಲಾರೆ.

ಅವರಿನ್ನೂ ಸೈಟು ಕೊಂಡಿಲ್ಲ. ಹೆಂಡತಿಯ ಹೊಲಿಗೆಯ ಹಣವೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆಯೊಂದಿದೆ. ಯಾವುದೇ ಸೈಟು ನೋಡಲು ಹೋಗುವ ಮೊದಲೇ ಇಬ್ಬರಲ್ಲಿ ಒಬ್ಬರು ಫೋನಿನಲ್ಲಿ ರೇರಾ ಸಂಖ್ಯೆ ಕೇಳುತ್ತಾರೆ. ಈ ವರ್ಷ ಬಾಗಿನವನ್ನು ಗಂಡನೇ ಹೊತ್ತು ಅಕ್ಕನ ಮನೆಗೆ ಹೋದರಂತೆ. ಅಕ್ಕ ಬಾಗಿಲಲ್ಲಿಯೇ ನಿಂತು ತೆಗೆದುಕೊಂಡರು. ಭಾವ ಒಳಗಿನಿಂದ ಬರಲಿಲ್ಲ.