ಶಾಲಾ ಮಕ್ಕಳಲ್ಲಿ ಎಕ್ಸಿಮಾ ಎಷ್ಟಿದೆ ಅಂತ ಬರೀ ಪ್ರಶ್ನಾವಳಿಯಿಂದ ತಿಳಿಯಬಹುದಾ?

ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಎಕ್ಸಿಮಾ (ಬಂದು ಹೋಗುತ್ತಾ ಬಹುಕಾಲ ಕಾಡುವ ತುರಿಕೆಯ ಚರ್ಮರೋಗ) ಇದೆ ಅಂತ ಥೀಸಿಸ್‌ಗೆ ಲೆಕ್ಕ ಬೇಕು, ಚರ್ಮದ ಡಾಕ್ಟರ್ ಎಲ್ಲ ಕಡೆ ಬರಲು ಆಗುವುದಿಲ್ಲ, ಪ್ರಶ್ನಾವಳಿಯೊಂದೇ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಹಾಗಂತ ಎಲ್ಲ ಮಕ್ಕಳನ್ನೂ ಡಾಕ್ಟರ್ ನೋಡಬೇಕಾಗಿಯೂ ಇಲ್ಲ.

ಮೊದಲಿಗೆ, ಪ್ರಶ್ನೆಗಳನ್ನು ನೀವೇ ಹೊಸದಾಗಿ ಬರೆಯಬೇಡಿ. 1991ರಲ್ಲಿ ಶುರುವಾದ ಐಸಾಕ್ (ಮಕ್ಕಳ ಆಸ್ತಮಾ, ಅಲರ್ಜಿ ಬಗ್ಗೆ ಹಲವು ದೇಶಗಳಲ್ಲಿ ನಡೆದ) ಅಧ್ಯಯನದ ಪ್ರಶ್ನೆಗಳಿವೆ. ಬಂದು ಹೋಗುವ ತುರಿಕೆ ಗುಳ್ಳೆ ಆರು ತಿಂಗಳಾದರೂ ಇತ್ತಾ? ಕಳೆದ 12 ತಿಂಗಳಲ್ಲಿ ಬಂದಿತ್ತಾ? ಮೊಣಕೈ ಮಡಿಕೆ, ಮಂಡಿಯ ಹಿಂದೆ, ಕತ್ತು, ಕಿವಿ, ಕಣ್ಣಿನ ಸುತ್ತ ಬಂದಿತ್ತಾ? 6–7 ವರ್ಷದ ಮಕ್ಕಳ ಪರವಾಗಿ ಅಪ್ಪ ಅಮ್ಮ ಉತ್ತರಿಸುತ್ತಾರೆ, 13–14ರವರು ತಾವೇ ಬರೆಯುತ್ತಾರೆ. ಓದಲು ಬಾರದ ತಾಯಂದಿರಿಗೆ ಯಾರಾದರೂ ಓದಿ ಹೇಳಲೇಬೇಕು. ಫಾರ್ಮ್ ಸುಮ್ನೆ ಮನೆಗೆ ಕಳಿಸಿದರೆ ಅಂಥವರ ಮಕ್ಕಳೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ಕಷ್ಟ ಇರುವುದು ಉತ್ತರ ಬಂದ ಮೇಲೆ. 1,000 ಮಕ್ಕಳಲ್ಲಿ 30 ಜನಕ್ಕೆ ನಿಜವಾಗಿ ಎಕ್ಸಿಮಾ ಇದೆ ಅಂದುಕೊಳ್ಳಿ. ಪ್ರಶ್ನಾವಳಿ ಅದರಲ್ಲಿ 24 ಮಕ್ಕಳನ್ನು ಹಿಡಿಯಿತು. ಉಳಿದ 970ರಲ್ಲಿ ನೂರಕ್ಕೆ ಐದು ಮಾತ್ರ ತಪ್ಪಾಗಿ 'ಹೌದು' ಬಂದರೂ ಅದೇ ಸುಮಾರು 48 ಆಯಿತು. ಒಟ್ಟು 72 'ಹೌದು', ಅದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ಎಕ್ಸಿಮಾ. 3% ಇರುವುದನ್ನು ನೀವು 7% ಅಂತ ಬರೆದಿರುತ್ತೀರಿ! ಕಾಯಿಲೆ ಕಡಿಮೆ ಇರುವ ಕಡೆ ಈ ತಪ್ಪು ಜಾಸ್ತಿ.

ಆ ತಪ್ಪು 'ಹೌದು'ಗಳಲ್ಲಿ ನಮ್ಮ ಕಡೆ ಒಬ್ಬರಿಂದ ಒಬ್ಬರಿಗೆ ಹರಡುವ ಕಜ್ಜಿಯದೇ (ಸ್ಕೇಬೀಸ್) ದೊಡ್ಡ ಕಾಟ. ಕಬ್ಬಿನ ಗದ್ದೆಗೆ ಹೋಗಿ ಮೈ ಕಡಿಯುವುದು ಒಂದೆರಡು ದಿನದ್ದು, ಆರು ತಿಂಗಳ ಪ್ರಶ್ನೆಯಲ್ಲೇ ಉದುರಿಹೋಗುತ್ತದೆ. ಕಜ್ಜಿ ಹಾಗಲ್ಲ. ತಿಂಗಳುಗಟ್ಟಲೆ ಇರುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ಮಳವಳ್ಳಿ ಕಡೆ ಒಬ್ಬ ಹುಡುಗಿಯ ಫಾರ್ಮ್‌ನಲ್ಲಿ ಎಲ್ಲದಕ್ಕೂ 'ಹೌದು' ಇತ್ತು. ಮೊಣಕೈ ಮಡಿಕೆ ನೋಡಿದರೆ ಚರ್ಮ ನುಣ್ಣಗಿದೆ. ಬೆರಳ ಸಂದಿ, ಮಣಿಕಟ್ಟಿನ ತುಂಬ ಸಣ್ಣ ಗುಳ್ಳೆ, ಕೆರೆದ ಗಾಯ. "ಮನೇಲಿ ಬೇರೆ ಯಾರಿಗಾದ್ರೂ ಇದ್ಯೇನಮ್ಮ?" ಅಂದೆ. "ತಮ್ಮಂಗೂ ಅಜ್ಜಿಗೂ ಐತೆ ಮಿಸ್" ಅಂದಳು.

ಆದ್ದರಿಂದ 'ಹೌದು' ಬಂದ ಮಕ್ಕಳನ್ನೆಲ್ಲ, 'ಇಲ್ಲ' ಅಂದವರಲ್ಲಿ ಚೀಟಿ ಎತ್ತಿದ ಒಂದಷ್ಟು ಮಕ್ಕಳನ್ನು ಡಾಕ್ಟರ್‌ಗೆ ತೋರಿಸಿ. 'ಇಲ್ಲ'ದವರನ್ನು ಬಿಟ್ಟರೆ ಎಷ್ಟು ತಪ್ಪಿಹೋಯಿತು ಅನ್ನುವುದೇ ಗೊತ್ತಾಗುವುದಿಲ್ಲ. ಪರೀಕ್ಷೆಗೆ, ಎಕ್ಸಿಮಾ ಗುರುತಿಸಲು ಬ್ರಿಟನ್ನಿನ ತಜ್ಞರ ಗುಂಪು ಮಾಡಿದ 1994ರ ಯು.ಕೆ. ವರ್ಕಿಂಗ್ ಪಾರ್ಟಿ ಮಾನದಂಡ ಒಳ್ಳೆಯದು. ಕಳೆದ ವರ್ಷ ತುರಿಕೆ ಇರಲೇಬೇಕು. ಜೊತೆಗೆ ಈ ಐದರಲ್ಲಿ ಮೂರು: ಎರಡು ವರ್ಷದೊಳಗೆ ಶುರುವಾಗಿದ್ದು, ಮಡಿಕೆಗಳಲ್ಲಿ ಬಂದಿದ್ದು, ಒಣ ಚರ್ಮ, ಆಸ್ತಮಾ ಅಥವಾ ಅಲರ್ಜಿ ನೆಗಡಿ, ಈಗ ಮಡಿಕೆಯಲ್ಲಿ ಕಣ್ಣಿಗೆ ಕಾಣುವ ಎಕ್ಸಿಮಾ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಕಪ್ಪಾಗಿ ದಪ್ಪಗಾದ, ಗೆರೆ ಎದ್ದ ಚರ್ಮವನ್ನು ಹುಡುಕಬೇಕು.

ವರದಿಯಲ್ಲಿ ಪ್ರಶ್ನಾವಳಿಯ ಸಂಖ್ಯೆ, ಪರೀಕ್ಷೆಯ ನಂತರದ ಸಂಖ್ಯೆ ಎರಡನ್ನೂ ಕೊಡಿ. ಕಜ್ಜಿ ಸಿಕ್ಕ ಮಕ್ಕಳನ್ನು 'ಎಕ್ಸಿಮಾ ಅಲ್ಲ' ಅಂತ ಬರೆದು ಕಳಿಸಿಬಿಡಬೇಡಿ. ಅವತ್ತೇ ಡಾಕ್ಟರ್ ಹತ್ತಿರ ಕಜ್ಜಿಗೆ ಹಚ್ಚುವ ಪರ್ಮೆಥ್ರಿನ್ ಮುಲಾಮು ಬರೆಸಿ, ಮನೆಯವರೆಲ್ಲ ಒಟ್ಟಿಗೆ ಹಚ್ಚಿಕೊಳ್ಳಬೇಕು ಅಂತ ತಾಯಿಗೆ ಕೂರಿಸಿ ಹೇಳಿ.